ಹಳೇ ಗಿರಾಕಿಯ ಸಾಬೂನು ಚೂರು

ಈ ಮನೆಯ ಸೊಸೆಗೆ ಸಂಬಳ ಬರುವುದು ಕಂಡವರ ಬೈಗುಳ ಓದುವುದಕ್ಕೆ. ಮೂರನೇ ಮಹಡಿಯ ಕಚೇರಿಯಲ್ಲಿ ಕುಳಿತು, ಒಂದು ಸಾಬೂನು ಕಂಪನಿಯ ಪುಟಕ್ಕೆ ಬರುವ ಕಾಮೆಂಟುಗಳನ್ನು ನೋಡಿಕೊಳ್ಳುತ್ತಾಳೆ. ಯಾವ ಕಂಪನಿ ಎಂದು ಮನೆಯಲ್ಲೂ ಬಾಯಿಬಿಡುವಂತಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ.

ಮೊದಲೆಲ್ಲ ನೊರೆ ಸಾಲದು, ವಾಸನೆ ಜಾಸ್ತಿ ಎನ್ನುವ ತಕರಾರುಗಳೇ. ಕಂಪನಿಯ ಮಾಲೀಕ ಸುಮ್ಮನಿರಲಾರದೆ ಚುನಾವಣೆಯ ವೇದಿಕೆ ಹತ್ತಿ ಒಂದು ಪಕ್ಷವನ್ನು ಹೊಗಳಿದ್ದೇ ತಡ, ಪುಟ ರಣರಂಗವಾಯಿತು. ಒಂದು ಗುಂಪು ಸಾಬೂನನ್ನು ಚರಂಡಿಗೆಸೆದು ವಿಡಿಯೊ ಹಾಕಿತು, ಇನ್ನೊಂದು ಡಜನ್‌ಗಟ್ಟಲೆ ಕೊಂಡು ಫೋಟೊ ಹಾಕಿತು. ಮೈಕೊಳೆ ಯಾವ ಪಕ್ಷದ್ದೋ, ದೇವರೇ ಬಲ್ಲ! ರಾಜಕೀಯದ ಮಾತೆಲ್ಲ ಮರೆಮಾಡಿ ಎಂದು ಮೇಲಿನವರ ಅಪ್ಪಣೆಯಾಯಿತು. ಮರೆಮಾಡಿದ ಮಾತು ಬರೆದವನಿಗೆ ಕಾಣುತ್ತಲೇ ಇರುತ್ತದೆ, ಲೋಕಕ್ಕೆ ಕಾಣುವುದಿಲ್ಲ.

'ಹಳೇ ಗಿರಾಕಿ' ಎಂಬ ಹೆಸರಿನವನೊಬ್ಬ ಮಾತ್ರ ಅವಳ ತಲೆಯಲ್ಲಿ ಹುಳ ಬಿಟ್ಟ. "ಮೂವತ್ತು ವರ್ಷ ನಿಮ್ಮ ಸಾಬೂನೇ ಬಳಸಿದೆ. ನಿಮ್ಮ ಯಜಮಾನರ ಮಾತು ಒಪ್ಪಿಗೆಯಾಗದೆ ಬಿಟ್ಟೆ. ಕೊನೆಯ ಚೂರನ್ನು ಬೇರೆ ಕಂಪನಿಯ ಸಾಬೂನಿಗೆ ಅಂಟಿಸಲು ಮನಸ್ಸಾಗದೆ ಎತ್ತಿಟ್ಟಿದ್ದೇನೆ. ನಾನು ಮಾಡಿದ್ದು ಸರಿಯೇ? ಯಾರಾದರೂ ಹೇಳಿ." ಯಾರಿರಬಹುದು ಈತ? ಒಂಟಿಯೋ, ಸಂಸಾರಸ್ಥನೋ? ಮೂರು ಸಲ ಓದಿದಳು. ಆಮೇಲೆ ಅಪ್ಪಣೆಯಂತೆ ಮರೆಮಾಡಿದಳು.

ಅದಾದ ಒಂಬತ್ತನೇ ದಿನ ರಜೆ. ಮಾವ ತಮ್ಮ ಬಚ್ಚಲನ್ನು ತಾವೇ ತೊಳೆಯುವವರು, ಅವತ್ತು ಸೊಂಟ ಹಿಡಿದಿತ್ತು. ಇವಳೇ ಹೋದಳು. ಕಿಟಕಿಯ ಅಂಚಿನಲ್ಲಿ ಒಂದು ಪುಟ್ಟ ಡಬ್ಬಿ, ಒಳಗೆ ಅವಳ ಕಂಪನಿಯದೇ ಸಾಬೂನಿನ ತೆಳ್ಳಗಿನ ಹಸಿರು ಚೂರು. ಕೆಳಗೆ ಬೇರೆ ಕಂಪನಿಯ ಬಿಳಿ ಸಾಬೂನು. ಸವೆದ ಚೂರನ್ನೂ ಬಿಸಾಡದೆ ಹೊಸದಕ್ಕೆ ಅಂಟಿಸುತ್ತಾರೆಂದು ಮನೆಯವರೆಲ್ಲ ಗೇಲಿ ಮಾಡುತ್ತಿದ್ದುದು ಮಾವನನ್ನೇ! ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೊರಬಂದಳು.

ಮಾವ ಹೊರಗೆ ಕುರ್ಚಿಯಲ್ಲಿ ಫೋನ್ ಹಿಡಿದು ಕೂತಿದ್ದರು.

"ಬಾಮ್ಮ ಇಲ್ಲಿ, ಇದಕ್ಕೇನಾಗಿದೆ ನೋಡು. ಸಾಬೂನಿನ ಬಗ್ಗೆ ಬರೆದು ಒಂಬತ್ತು ದಿನ ಆಯ್ತು. ಒಬ್ರೂ ಉತ್ತರ ಕೊಡಲಿಲ್ಲ. ಹೋಗ್ಲಿ, ಬೈಯೋರಾದ್ರೂ ಬೇಡ್ವಾ? ಎಲ್ರೂ ಬೈಸ್ಕೊಳ್ತಿದಾರೆ, ನನಗೆ ಅದಕ್ಕೂ ಯೋಗ್ಯತೆ ಇಲ್ವಾ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಹೇಳಿದರೆ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಈ ಮನುಷ್ಯ ನಾಳೆಯೂ ಹೀಗೇ ಫೋನ್ ನೋಡುತ್ತಾ ಕೂರುತ್ತಾರೆ.

"ಮಾವ, ಅದು ಯಾರಿಗೂ ಕಾಣಿಸ್ತಾನೇ ಇಲ್ಲ. ಬಚ್ಚಿಟ್ಟೋಳು ನಾನೇ. ನನ್ನ ಕೆಲಸಾನೇ ಅದು."

ಮಾವ ಕನ್ನಡಕ ತೆಗೆದರು.

"ಹಾಗಾದ್ರೆ ನೀನು ಓದಿದೀಯಾ?"

"ಮೂರು ಸಲ."

ಅವರ ಮುಖ ಅರಳಿತು. ಪಕ್ಕದ ಕುರ್ಚಿಯ ಮೇಲಿದ್ದ ಪೇಪರ್ ಎತ್ತಿ ಜಾಗ ಮಾಡಿದರು.

"ಮತ್ತೆ ಕೂತ್ಕೋ. ನಾನು ಮಾಡಿದ್ದು ಸರಿನೋ ತಪ್ಪೋ ಹೇಳು. ಬೈದ್ರೂ ಪರವಾಗಿಲ್ಲ."