ಬೆನ್ನ ಹಿಂದಿನ ಬೆಳಕು

ಸ್ನೇಹಿತರೇ, ಇಂದು ಕತ್ತಲಾದ ಮೇಲೆ ಬೆಳ್ಳಾರೆಯಿಂದ ಮೊದಲ ಬಾರಿಗೆ ಒಬ್ಬಳೇ ಸೈಕಲ್ಲಿನಲ್ಲಿ ಮನೆಗೆ ಹೊರಟೆ. ಇಷ್ಟು ದಿನ ಧೈರ್ಯಕ್ಕೆ ತಂಗಿ ಜೊತೆಗಿರುತ್ತಿದ್ದಳು. ರಬ್ಬರ್ ತೋಟ ಶುರುವಾಗುವಲ್ಲಿ ಒಂದು ಜೀಪು ಹಿಂದೆ ಬಿತ್ತು. ನಾನು ನಿಧಾನಿಸಿದರೆ ಅದೂ ನಿಧಾನ, ಜೋರಾಗಿ ತುಳಿದರೆ ಅದೂ ಜೋರು. ಮುಂದೆ ಹೋಗಲು ಕೈ ತೋರಿಸಿದರೂ ಹೋಗಲಿಲ್ಲ. ಕೊನೆಗೆ ಇಳಿದು, ಸೈಕಲ್ ಅಡ್ಡ ಹಿಡಿದು ಕೂಗಿದೆ, "ಯಾರು ಅದು? ಎಂತ ಬೇಕು?"

"ನಾನೇ ಮಾರಾಯ್ತಿ! ಹೆಂಗಸು ಒಬ್ಬಳೇ ಹೋಗುದು ಕಂಡು ಲೈಟು ಕೊಟ್ಟದ್ದು." ನೆರೆಮನೆಯ ಯಜಮಾನರು.

"ನಾನು ಹೆದರಿದ್ದೇ ನಿಮ್ಮ ಲೈಟಿಗೆ ಮಾರಾಯ್ರೆ!"

"ಒಳ್ಳೆದು ಮಾಡ್ಲಿಕ್ಕೂ ಇಲ್ಲ ಈಗ," ಎಂದು ಮುಖ ಊದಿಸಿಕೊಂಡರು.

ಈ ರಸ್ತೆಗೆ ದಾರಿದೀಪ ಹಾಕಲು ಹೊರಟಾಗ, ತಮ್ಮ ಕಿಟಕಿಗೆ ಬೆಳಕು ಬಿದ್ದು ನಿದ್ದೆ ಕೆಡುತ್ತದೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ತಡೆದವರು ಇವರೇ. ನಾಳೆಯೂ ನಾನು ಒಬ್ಬಳೇ ಬರುತ್ತೇನೆ. ಅವರು ದಯವಿಟ್ಟು ಬೇಗ ಮಲಗಲಿ.