ದೋಸೆ ಭಟ್ಟರ ದಣಿವಿನ ಅಂಕ

ಹಳೆಯ ಆಫೀಸು ಬ್ಯಾಗನ್ನು ಎಸೆಯುವ ಮುನ್ನ, ಅಭ್ಯಾಸದಂತೆ, ಅದರ ಜೇಬುಗಳನ್ನು ಮೂರು ಸಲ ತಡಕಿದೆ. ಮೂರನೆಯ ಸಲ ಕೈಗೆ ಸಿಕ್ಕಿದ್ದು ಕಿತ್ತಳೆ ಬಣ್ಣದ ಎರಡು ಸ್ಪಂಜಿನ ಬಿರಡೆ, ಸದ್ದು ಕೇಳದಂತೆ ಕಿವಿಗೆ ಇಟ್ಟುಕೊಳ್ಳುವಂಥವು. ಹಿಂಡಿ ಬಿಟ್ಟರೆ ಇನ್ನೂ ನಿಧಾನವಾಗಿ ಉಬ್ಬುತ್ತಿದ್ದವು... ನೆರೂಳದ ನಮ್ಮ ಕಟ್ಟಡದ ನೆಲಮಹಡಿಯಲ್ಲಿದ್ದ ದೋಸೆ ಭಟ್ಟರನ್ನು ಬೇಲಾಪುರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ ಅಲ್ಲಿ ಕೊಟ್ಟದ್ದು.

ಭಟ್ಟರು ಕುಂದಾಪುರದ ಕಡೆಯವರು. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತವರು. ಸ್ಟ್ರೋಕ್ ಆಗಿ ಆರು ತಿಂಗಳಲ್ಲಿ ಕೈ, ಕಾಲು, ಮಾತು ಎಲ್ಲವೂ ಮರಳಿದವು. ದಣಿವು ಮಾತ್ರ ಹೋಗಲಿಲ್ಲ. ಸ್ನಾನ ಮಾಡಿ ಬಂದರೆ ಒಂದು ಗಂಟೆ ಮಲಗಬೇಕು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಡುವೆಯೇ ಕೂತುಬಿಡುತ್ತಿದ್ದರು. ನೋಡಿದವರಿಗೆ ಆಳು ಗಟ್ಟಿಮುಟ್ಟು.

"ನಡೀಲಿಕ್ಕೆ ಆಗ್ತದಲ್ಲ ಭಟ್ರೇ, ಮತ್ತೆಂತ?" ಎನ್ನುತ್ತಿದ್ದರು ಹೋಟೆಲಿನ ಧಣಿ. ಜಾಗ ಖಾಲಿ ಇಟ್ಟಿದ್ದರು, ಆದರೆ ಎಷ್ಟು ದಿನ? ಭಟ್ಟರಿಗೆ ಬೇಕಿದ್ದುದು ಅದೊಂದೇ, ಆ ಕಾವಲಿಯ ಮುಂದೆ ಮತ್ತೆ ನಿಲ್ಲುವುದು.

ಇದೂ ಸ್ಟ್ರೋಕಿನದೇ ಪಾಲು, ಸೋಮಾರಿತನವಲ್ಲ ಎಂದು ಮೊದಲು ಹೇಳಿದ್ದು ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೇಳಿ ಭಟ್ಟರ ಹೆಂಡತಿ ಅಲ್ಲೇ ಅತ್ತರು. ತಲೆಯ ಹೊರಗಿನಿಂದ ಆಯಸ್ಕಾಂತದ ಮಿಡಿತ ಕೊಟ್ಟು ಮಿದುಳನ್ನು ಚುರುಕುಗೊಳಿಸಿ ನೋಡಬಹುದು, ಆದರೆ ಗ್ಯಾರಂಟಿ ಇಲ್ಲ ಎಂದರು ಆಕೆ. ವಾರಕ್ಕೆ ಐದು ದಿನ. ನನ್ನ ಆಫೀಸು ಹತ್ತಿರವಿದ್ದುದರಿಂದ ಜೊತೆಗೆ ಹೋಗುವ ಕೆಲಸ ನನ್ನದಾಯಿತು.

ಆಯಸ್ಕಾಂತ ಎಂದೊಡನೆ ನಾನು ಬೆಲ್ಟು, ಗಡಿಯಾರ ಮನೆಯಲ್ಲೇ ಬಿಚ್ಚಿಟ್ಟು ಹೊರಟೆ. ಹಲ್ಲಿಗೆ ತುಂಬಿಸಿದ ಬೆಳ್ಳಿ ಏನಾದೀತೋ ಎಂದು ಬಾಯಿ ಬಿಗಿದು ಕೂತಿದ್ದೆ. ಚಿಕಿತ್ಸೆ ನನಗಲ್ಲ ಎಂಬುದು ಆಮೇಲೆ ಹೊಳೆಯಿತು. ಭಟ್ಟರೋ, ತಲೆಗೆ ಯಂತ್ರದ ಸುರುಳಿ ತಾಗಿಸಿ ಟಕಟಕ ಎಂದು ಕುಟ್ಟುತ್ತಿದ್ದರೂ ಕಣ್ಣು ಮುಚ್ಚಿ ಹಾಯಾಗಿ ಕೂತಿರುತ್ತಿದ್ದರು.

"ಕಾಕಾ, ಆಜ್ ಥಕವಾ ಕಿತಿ?" ಎಂದು ಡಾಕ್ಟರು ದಿನವೂ ಮರಾಠಿಯಲ್ಲಿ ಕೇಳುತ್ತಿದ್ದರು. ಇವತ್ತು ದಣಿವು ಎಷ್ಟು ಎಂದು ಹತ್ತಕ್ಕೆ ಅಂಕ ಕೊಡಬೇಕು, ಅಂಕ ಹೆಚ್ಚಿದಷ್ಟೂ ದಣಿವು ಹೆಚ್ಚು. ಮೊದಲ ದಿನ ಭಟ್ಟರು ಎಂಟು ಎಂದರು. ಎರಡನೆಯ ವಾರದ ಕೊನೆಗೆ ಎರಡು. ಆಕೆಯ ಮುಖ ಅರಳಿತು, ಕೆಲಸಕ್ಕೆ ಹೋಗಲು ಒಪ್ಪಿಗೆ ಸಿಕ್ಕಿತು. ಲೋಕದ ಎಲ್ಲದಕ್ಕೂ ಚಿಂತಿಸುವ ನಾನು ಇದೊಂದಕ್ಕೆ ಚಿಂತಿಸಲಿಲ್ಲ.

ಅವರು ಕೆಲಸಕ್ಕೆ ಮರಳಿದ ಮೂರನೆಯ ಬೆಳಿಗ್ಗೆ ನಾನು ಹೋಟೆಲಿಗೆ ಹೋದಾಗ ಭಟ್ಟರು ಹಿಟ್ಟು ಹುಯ್ದು, ಅರ್ಧ ಸುತ್ತು ಎಳೆದು, ಸೌಟು ಹಿಡಿದು ಸುಮ್ಮನೆ ನಿಂತಿದ್ದರು. ದೋಸೆ ಸೀಯುತ್ತಿತ್ತು. ನಾನೂ ಧಣಿಯೂ ಹಿಡಿದುಕೊಂಡು ಬೆಂಚಿನ ಮೇಲೆ ಕೂರಿಸಿದೆವು.

"ಎರಡು ಅಂದಿದ್ರಲ್ಲ ಭಟ್ರೇ?" ಎಂದೆ.

"ಎಂತ ಮಾಡುದು ಮಾರಾಯ್ರೇ. ಆ ಹುಡುಗಿ ಅಷ್ಟು ಕಷ್ಟಪಟ್ಟು ಮಾಡ್ತಾಳೆ. ದೋಸೆ ಹೇಗಾಯ್ತು ಅಂತ ನಾನು ಕೇಳಿದ್ರೆ, ಚಂದ ಆಗ್ಲಿಲ್ಲ ಅಂತ ನೀವು ಯಾವತ್ತಾದ್ರೂ ಹೇಳಿದ್ದುಂಟಾ?"

ಇರಲಿಲ್ಲ. ಹಿಟ್ಟು ಹುಳಿ ಬಂದ ದಿನವೂ ಫಸ್ಟ್ ಕ್ಲಾಸ್ ಎಂದೇ ತಿಂದಿದ್ದೆ.

"ಸರಿ, ಈಗ ಎಷ್ಟು?"

"ಎಂಟು. ಒಂದು ದಿನವೂ ಕಮ್ಮಿ ಆದದ್ದಿಲ್ಲ."

ಮರುದಿನ ಡಾಕ್ಟರ ಮುಂದೆ ಎಲ್ಲ ಹೇಳಿಸಿದೆ. ಆಕೆ ಬೈಯಲಿಲ್ಲ. ಹಳೆಯ ಅಂಕಗಳನ್ನು ಹೊಡೆದುಹಾಕಿ, ಮೊದಲಿನಿಂದ ಶುರುಮಾಡೋಣ ಎಂದರು. ಧಣಿಯನ್ನೂ ಕರೆಸಿ, ಇದು ಕಾಯಿಲೆಯೇ ಎಂದು ತಿಳಿಸಿದರು. ಧಣಿ ಪೆಚ್ಚಾಗಿ ಹೋಗಿ ಕಾವಲಿಯ ಮುಂದೆ ಎತ್ತರದ ಸ್ಟೂಲು ಹಾಕಿಸಿದರು. ಬೆಳಿಗ್ಗೆ ಎರಡು ಗಂಟೆ ಮಾತ್ರ ಕೆಲಸ.

ಈ ಸಲ ಅಂಕ ಐದಕ್ಕೆ ಬಂದು ನಿಂತಿತು. ನಾನು ಅನುಮಾನದಿಂದ ನೋಡಿದೆ. "ನಿಜವಾದ ಐದೇ ಮಾರಾಯ್ರೇ" ಎಂದರು. ಆಯಸ್ಕಾಂತದಿಂದಲೋ, ಸ್ಟೂಲಿನಿಂದಲೋ, ಕೊನೆಗೂ ನಾಲ್ಕು ಜನ ನಂಬಿದ್ದರಿಂದಲೋ... ಡಾಕ್ಟರಿಗೂ ಖಚಿತವಿರಲಿಲ್ಲ.

ಆಮೇಲೆ ನಾಲ್ಕು ವರ್ಷ ದೋಸೆ ಹುಯ್ದರು. ಸಂಜೆ ನಾನು ಬರುವಾಗ ಬಾಗಿಲಲ್ಲಿ ಕೂತಿರುತ್ತಿದ್ದರು. "ಎಷ್ಟು?" ಎನ್ನುತ್ತಿದ್ದೆ. "ಐದು. ನಿಮ್ಮ ಚಿಂತೆ ಎಷ್ಟು?" ಎಂದು ಅವರು. "ಒಂಬತ್ತು" ಎಂದರೆ ಮೈ ಕುಲುಕಿಸಿ ನಗುತ್ತಿದ್ದರು.

ಎರಡನೆಯ ಸ್ಟ್ರೋಕ್ ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಕೊಡಲಿಲ್ಲ. ಹೆಂಡತಿ ಕಾಮೋಠೆಯಲ್ಲಿರುವ ಮಗಳ ಮನೆ ಸೇರಿದರು. ನೆಲಮಹಡಿಯಲ್ಲಿ ಈಗ ಹೊಸಬರಿದ್ದಾರೆ, ಒಳ್ಳೆಯವರೇ. ತಲೆಯಾಡಿಸಿ ಮೆಟ್ಟಿಲು ಹತ್ತುತ್ತೇನೆ.

ನಿಜ ಹೇಳಬೇಕೆಂದರೆ ಆ ಸಂಜೆಗಳಲ್ಲಿ ನನ್ನ ಚಿಂತೆ ಒಂಬತ್ತು ಇರುತ್ತಲೇ ಇರಲಿಲ್ಲ. ಅವರ ಬಾಗಿಲು ತಲುಪುವಷ್ಟರಲ್ಲಿ ಮೂರಕ್ಕೆ ಇಳಿದಿರುತ್ತಿತ್ತು. ಅದನ್ನು ಅವರಿಗೆ ಹೇಳಲೇ ಇಲ್ಲ.