ಮೈಕಮ್ಮನ ದಪ್ಪ ದನಿ

ಬೇಕರಿಯಲ್ಲಿ ಹಿಟ್ಟು ನಾದುವ ಆಕೆಯನ್ನು ಚರ್ಚಿನಲ್ಲಿ ಎಲ್ಲರೂ ‘ಮೈಕಮ್ಮ’ ಎಂದೇ ಕರೆಯುತ್ತಿದ್ದರು. ಕರೆಂಟು ಹೋದರೂ ಆರಾಧನೆ ನಿಲ್ಲುತ್ತಿರಲಿಲ್ಲ. ಮುಂದಿನ ಬೆಂಚಿನಿಂದ ಆಕೆ ಕೀರ್ತನೆ ಎತ್ತಿಕೊಂಡರೆ, ಬಾಗಿಲಲ್ಲಿ ಛತ್ರಿ ಮಡಚುತ್ತಿದ್ದವರೂ ಅಲ್ಲಿಂದಲೇ ದನಿಗೂಡಿಸುತ್ತಿದ್ದರು. ಬೇಕರಿಯಲ್ಲೂ ಅಷ್ಟೆ, ಹಿಟ್ಟಿನ ಮುದ್ದೆಯನ್ನು ಹಲಗೆಗೆ ಬಡಿಯುವುದೇ ತಾಳ.

ಒಂದು ವರ್ಷ ಆಕೆಯ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. “ಭಯಪಡೋ ಗಂಟಲ್ಲ” ಎಂದು ಡಾಕ್ಟರು ಹೇಳಿದಾಗ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲೇ ಮಂಡಿಯೂರಿಬಿಟ್ಟ. ಜೀವವೇನೋ ಉಳಿಯಿತು, ದನಿ ಮಾತ್ರ ಕೆಟ್ಟಿತು. ನೆಲದ ಮೇಲೆ ಮರದ ಪೆಟ್ಟಿಗೆ ಎಳೆದಂಥ ಗೊಗ್ಗರು ದನಿ. ಫೋನೆತ್ತಿದರೆ ಆ ಕಡೆಯವರು, “ಸಾರ್, ಮೇಡಂ ಇದಾರಾ?” ಎನ್ನುತ್ತಿದ್ದರು.

ಗುಣವಾದ ಮೇಲೆ ಮೊದಲ ಭಾನುವಾರ ಆಕೆ ಮುಂದಿನ ಬೆಂಚಿಗೆ ಹೋಗಲಿಲ್ಲ. ಹಿಂದೆ, ಅತ್ತೆಯ ಪಕ್ಕ ಕೂತಳು. ಅತ್ತೆಗೆ ಕಿವಿ ಪೂರ್ತಿ ಕೇಳಿಸದಂತಾಗಿ ಎಷ್ಟೋ ಕಾಲವಾಗಿತ್ತು, ಆದರೂ ಒಂದು ಆರಾಧನೆಯನ್ನೂ ಅವರು ತಪ್ಪಿಸಿದವರಲ್ಲ.

ಕೀರ್ತನೆ ಶುರುವಾಯಿತು. ಎಲ್ಲರೂ ಎದ್ದರು. ಸೊಸೆ ತುಟಿ ಬಿಚ್ಚಲಿಲ್ಲ. ಅತ್ತೆ ಅವಳ ಬೆನ್ನ ಮೇಲೆ ಅಂಗೈ ಇಟ್ಟು ತುಸು ಕಾದರು. ಆಮೇಲೆ ಇಡೀ ಚರ್ಚಿಗೆ ಕೇಳುವಂತೆ ಗಟ್ಟಿಯಾಗಿ ಅಂದರು:

“ಏನೇ ಇದು, ಗೋಡೆ ಮುಟ್ಟಿದ ಹಾಗಿದೆ! ನೀನು ಹಾಡದಿದ್ರೆ ಯಾವ ಸಾಲು ಅಂತ ನಾನು ಹೇಗೆ ಹಿಡೀಲಿ? ಇಷ್ಟು ದಿನ ಇಲ್ಲಿ ಕೂರ್ತಿದ್ದ ಪಕ್ಕದ ಮನೆಯವಳು ಹಾಡಿದ್ರೆ ಬೆನ್ನು ಅದುರೋದಾದ್ರೂ ಕೈಗೆ ಸಿಗ್ತಿತ್ತು. ಅವಳ ಜಾಗದಲ್ಲಿ ಬಂದು ಕೂತಿದೀಯ!”

ಮುಂದಿನವರೆಲ್ಲ ತಿರುಗಿ ನೋಡಿದರು. ಆಕೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆ ದಾರಿಯಿಲ್ಲದೆ, ಕಣ್ಣು ಮುಚ್ಚಿಕೊಂಡು, ಆ ಗೊಗ್ಗರು ದನಿಯಲ್ಲೇ ಹಾಡಿದಳು. ಅತ್ತೆಯ ಮುಖ ಊರಗಲವಾಯಿತು.

“ಹಾಂ! ಅವಳದ್ದು ಸೊಳ್ಳೆ ಗುಂಯ್ ಅಂದ ಹಾಗೆ ಇರ್ತಿತ್ತು. ನಿಂದು ಮೂಳೆಗೇ ಕೇಳಿಸ್ತಿದೆ ಕಣೇ!” ಎಂದವರೇ, ರಾಗದ ಹಂಗಿಲ್ಲದೆ ಬಾಯ್ತುಂಬ ಕರ್ತನನ್ನು ಸ್ತುತಿಸತೊಡಗಿದರು. ಸೊಸೆಗೆ ನಗುವೂ ಬಂತು, ಅಳುವೂ ಬಂತು. ಆದರೆ ಹಾಡು ನಿಲ್ಲಲಿಲ್ಲ.

“ಜೀವ ಉಳಿಸಿದ್ದಕ್ಕೆ ಸ್ತೋತ್ರ ಹೇಳೋಕೆ ಅಂತ ಹೋದೋಳು, ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ನಲ್ಲ ರೀ,” ಎಂದಳು, ಮನೆಗೆ ಬರುವಾಗ ಗಂಡನಿಗೆ.

ಮುಂದಿನ ವಾರ ಗಾಯನ ತಂಡದ ಮಾಸ್ತರರು ಅವಳನ್ನು ತಡೆದು ನಿಲ್ಲಿಸಿದರು. “ನಮ್ಮಲ್ಲಿ ದಪ್ಪ ದನಿಯವರು ಕಡಿಮೆ. ಗಂಡಸರ ಸಾಲಿಗೆ ಬರ್ತೀಯೇನಮ್ಮಾ?”

“ಮೀಸೆ ಇಲ್ಲ, ಪರವಾಗಿಲ್ವಾ ಸಾರ್?” ಎಂದು ನಕ್ಕಳು. “ಬರ್ತೀನಿ. ಆದ್ರೆ ನಮ್ಮತ್ತೇನೂ ಜೊತೆಗೆ ಬರ್ತಾರೆ.”

ಈಗ ದಪ್ಪ ದನಿಯ ಗಂಡಸರ ನಡುವೆ ಇಬ್ಬರು ಹೆಂಗಸರು ನಿಲ್ಲುತ್ತಾರೆ. ಎಲ್ಲರ ಹಾಡು ಮುಗಿದ ಮೇಲೂ ಅತ್ತೆಯದೊಂದು ಹಲ್ಲೆಲೂಯ ಬಾಕಿ ಇರುತ್ತದೆ. ಅದು ಮುಗಿಯುವವರೆಗೆ ಪಾದ್ರಿಗಳು ಬೈಬಲ್ ತೆರೆಯುವುದಿಲ್ಲ.